ಶಹಾಬಾದ್ ಕಲ್ಲಿನ ನೆಲ: ಮೂರು ವರ್ಷ ಓಡಾಡಿದ ಮೇಲೆ

ನಮ್ಮ ಮನೆಗೆ ಬಂದವರಲ್ಲಿ ಅರ್ಧ ಜನ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ತಕ್ಷಣ ಕೇಳುವುದು ಒಂದೇ, "ಇದು ಯಾವ ಟೈಲ್ಸ್?" ಟೈಲ್ಸ್ ಅಲ್ಲ, ಶಹಾಬಾದ್ ಕಲ್ಲು ಅಂದರೆ ಮುಗೀತು, ರೇಟು ಎಷ್ಟು, ಜಾರಲ್ವಾ, ಕಲೆ ಹಿಡಿಯಲ್ವಾ, ಕಾಲು ನೋಯಲ್ವಾ ಅಂತ ಅರ್ಧ ಗಂಟೆ ಅದೇ ಮಾತು. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಕಳೆದ ಒಂದು ನಿಂಬೆಹಣ್ಣಿಗೆ ಹೋಯಿತು, ಅದನ್ನು ಆಮೇಲೆ ಹೇಳುತ್ತೇನೆ.

ಮನೆ ತುಮಕೂರಿನಲ್ಲಿದೆ. ಹಾಲು, ಎರಡು ರೂಮು, ಮುಂದಿನ ಜಗಲಿ, ಮೇಲೆ ತಾರಸಿ, ಇಷ್ಟಕ್ಕೂ ಶಹಾಬಾದ್ ಹಾಕಿಸಿದೆ. ಒಳಗೆ ಪಾಲಿಶ್ ಮಾಡಿಸಿದ್ದು, ಜಗಲಿಗೂ ತಾರಸಿಗೂ ಹಾಗೇ ಒರಟು ಕಲ್ಲು. ಅಡುಗೆಮನೆಗೆ ಬೇರೆ ಕಲ್ಲು. ನಮ್ಮ ಅಮ್ಮನಿಗೆ ಇದು ಮೊದಲಿಂದಲೂ ಇಷ್ಟವಿರಲಿಲ್ಲ. "ರೈಲ್ವೆ ಸ್ಟೇಷನ್ನಿಗೆ ಹಾಕೋ ಕಲ್ಲು ಮನೆಗೆ ಯಾಕೋ?" ಅಂದಿದ್ದರು. ಅವರು ಹೇಳಿದ್ದೇನೂ ಸುಳ್ಳಲ್ಲ, ಹಳೇ ಪ್ಲಾಟ್‌ಫಾರಂಗಳಲ್ಲಿ ನಾವೆಲ್ಲ ಟ್ರಂಕು ಎಳೆದಿದ್ದು ಇದೇ ಕಲ್ಲಿನ ಮೇಲೆ. ಆದರೆ ನನ್ನ ಹೆಂಡತಿಯ ತವರು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆ. ಅಲ್ಲಿ ನೆಲ ಇದೇ, ಗೋಡೆ ಇದೇ, ಎಷ್ಟೋ ಮನೆಗಳ ಮಾಳಿಗೆಯೂ ಇದೇ. ಹೊಲದ ಬೇಲಿಗೆ ಕೂಡ ಇದನ್ನೇ ನಿಲ್ಲಿಸಿ ಹೂತಿರುತ್ತಾರೆ. ಅಲ್ಲಿ ಇದಕ್ಕೆ ಶಹಾಬಾದ್ ಗಿಹಾಬಾದ್ ಅಂತ ಹೆಸರಿಲ್ಲ, ಸುಮ್ನೆ ಫರಸಿ. ಮೇ ತಿಂಗಳಲ್ಲಿ, ಹೊರಗೆ ಬಿಸಿಲು 40 ಡಿಗ್ರಿ ದಾಟಿದಾಗ, ಮಧ್ಯಾಹ್ನ ಊಟ ಮಾಡಿ ಬರೀ ಮೈಯಲ್ಲಿ ಆ ಫರಸಿ ಮೇಲೆ ಬಿದ್ದುಕೊಂಡ ದಿನವೇ ನಾನು ನಿರ್ಧಾರ ಮಾಡಿಬಿಟ್ಟಿದ್ದೆ.

ಈಗ ನಿಂಬೆಹಣ್ಣು. ಮನೆ ಸೇರಿ ಎರಡು ತಿಂಗಳಾಗಿರಲಿಲ್ಲ, ಅಮ್ಮ ಹಾಲಿನಲ್ಲಿ ಈಳಿಗೆಮಣೆ ಇಟ್ಟುಕೊಂಡು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚಲು ಕೂತರು. ಕೆಳಗೆ ಪೇಪರ್ ಹಾಸಿದ್ದರು, ಆದರೆ ರಸ ಪೇಪರ್ ದಾಟಿ ಹರಿದಿತ್ತು. ಬೆಳಿಗ್ಗೆ ನೋಡಿದರೆ ಪಳಪಳ ಹೊಳೆಯುವ ನೆಲದ ಮೇಲೆ ಅಂಗೈ ಅಗಲ ಮಂಕು ಗುರುತು. ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ. ಹೋಗುವುದೂ ಇಲ್ಲ, ಯಾಕೆಂದರೆ ಅದು ಕಲೆಯೇ ಅಲ್ಲ. ಹುಳಿ ಅಲ್ಲಿ ಕಲ್ಲನ್ನು ತಿಂದಿದೆ. ಪಾಲಿಶ್ ಮಾಡಿದ ನುಣುಪು ಮೇಲ್ಮೈ ಕರಗಿ ಒರಟಾಗಿದೆ, ಅಷ್ಟೇ. ಮಿಕ್ಕಿದ್ದ ಒಂದು ತುಂಡಿನ ಮೇಲೆ ಬೇಕಂತಲೇ ಬಾತ್‌ರೂಮ್ ತೊಳೆಯುವ ಆಸಿಡ್ ಎರಡು ಹನಿ ಹಾಕಿ ನೋಡಿದೆ. ಸೋಡಾ ಬಾಟ್ಲಿ ತೆಗೆದ ಹಾಗೆ ಬುರುಬುರು ಅಂತ ನೊರೆ ಬಂತು.

ಈ ನೊರೆಯಲ್ಲಿ ಕಲ್ಲಿನ ಜಾತಕ ಇದೆ. ಶಹಾಬಾದ್ ಅಂದರೆ ಸುಣ್ಣದ ಕಲ್ಲು, ಕ್ಯಾಲ್ಸಿಯಂ ಕಾರ್ಬೊನೇಟು. ಆಸಿಡ್ ತಾಗಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಬರುತ್ತದೆ. ಆ ಗ್ಯಾಸು ಒಂದು ಕಾಲದಲ್ಲಿ ಗಾಳಿಯಲ್ಲಿತ್ತು, ಅಲ್ಲಿಂದ ಸಮುದ್ರದ ನೀರಿಗೆ ಕರಗಿ, ಕ್ಯಾಲ್ಸಿಯಂ ಜೊತೆ ಸೇರಿ, ಸಣ್ಣ ಹಿಟ್ಟಿನಂಥ ಕೆಸರಾಗಿ ತಳಕ್ಕೆ ಇಳಿದಿತ್ತು. ನಮ್ಮ ಕಲಬುರಗಿ ಸಮುದ್ರದ ತಳಕ್ಕೆ! ಹೌದು, ಕಲಬುರಗಿಯೇ. ಈಗ ಜೋಳ, ತೊಗರಿ ಬೆಳೆಯುವ ಬಯಲಿನ ಕೆಳಗೆ, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ತೆಲಂಗಾಣದ ತಾಂಡೂರಿನವರೆಗೆ ಒಂದು ಹಳೇ ಸಮುದ್ರದ ತಳ ಹಾಸಿಕೊಂಡು ಬಿದ್ದಿದೆ. ಭೂವಿಜ್ಞಾನಿಗಳು ಇದನ್ನು ಭೀಮಾ ಬೇಸಿನ್ ಅನ್ನುತ್ತಾರೆ, ಮಧ್ಯೆ ಭೀಮಾ ನದಿ ಹರಿಯುವುದರಿಂದ. ಅಂಗಡಿಯಲ್ಲಿ ತಾಂಡೂರ್ ಕಲ್ಲು ಅಂತ ಬೇರೆ ಹೆಸರಿನಲ್ಲಿ ಮಾರುವುದೂ ಇದೇ ಸಮುದ್ರದ ಕಲ್ಲೇ.

ಕಲ್ಲಿನ ವಯಸ್ಸು ಎಷ್ಟು ಅಂದರೆ ಭೂವಿಜ್ಞಾನಿಗಳಲ್ಲೇ ಇನ್ನೂ ಜಗಳ ಇದೆ. 54 ಕೋಟಿ ವರ್ಷಕ್ಕಿಂತ ಹಳೆಯದು ಅನ್ನುವುದು ಸಾಮಾನ್ಯವಾಗಿ ಒಪ್ಪಿದ ಮಾತು, ಅದಕ್ಕಿಂತ ತುಂಬಾ ಹಿಂದಕ್ಕೆ ಎಳೆಯುವವರೂ ಇದ್ದಾರೆ. ನೆಲಕ್ಕೆ ಹಾಕುವವರಿಗೆ ಇದರಿಂದ ಏನಾಗಬೇಕು ಅಂತ ಕೇಳಬಹುದು. ಆಗಬೇಕು. ಅಷ್ಟು ಹಳೇ ಸಮುದ್ರದಲ್ಲಿ ಚಿಪ್ಪಿನ ಪ್ರಾಣಿಗಳು ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಈ ಕಲ್ಲಿನಲ್ಲಿ ಶಂಖ, ಕಪ್ಪೆಚಿಪ್ಪು ಯಾವುದೂ ಸಿಗುವುದಿಲ್ಲ. ಜೈಸಲ್ಮೇರ್ ಕಡೆಯ ಹಬೂರ್ ಕಲ್ಲು ನೋಡಿದ್ದೀರಾ? ಅದರ ತುಂಬಾ ಚಿಪ್ಪುಗಳು, ಅವು ಎದ್ದು ಕಾಣುವುದಕ್ಕೇ ಜನ ಅದನ್ನು ಕೊಳ್ಳುವುದು. ಶಹಾಬಾದ್ ಹಾಗಲ್ಲ. ಬರೀ ಕೆಸರು, ಕಣ ಕಣ್ಣಿಗೇ ಕಾಣದಷ್ಟು ನಯ. ನಯವಾದ ಕೆಸರು ತಳ ಸೇರಬೇಕಾದರೆ ನೀರು ಅಲುಗಾಡದೆ ನಿಲ್ಲಬೇಕು. ಅಲೆ ಜೋರಾಗಿ ಹೊಡೆಯುವ ಕಡೆ ಹಿಟ್ಟು ನಿಲ್ಲುವುದೇ ಇಲ್ಲ, ಕೊಚ್ಚಿಕೊಂಡು ಹೋಗುತ್ತದೆ, ಮರಳು ಮಾತ್ರ ಉಳಿಯುತ್ತದೆ. ಬಿಂದಿಗೆಯಲ್ಲಿ ಕೆರೆ ನೀರು ತುಂಬಿಟ್ಟವರಿಗೆ ಇದು ಗೊತ್ತು, ಮರಳು ಆಗಲೇ ಕೂರುತ್ತದೆ, ರಾಡಿ ಕೂರಲು ರಾತ್ರಿಯೆಲ್ಲಾ ಬೇಕು. ಈಗ ಬಹಾಮಾಸ್ ದ್ವೀಪಗಳ ಸುತ್ತ ಇರುವಂಥ ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಇಂಥ ಸುಣ್ಣದ ಕೆಸರು ಇವತ್ತಿಗೂ ಕೂರುತ್ತಿದೆ. ನನ್ನ ಹಾಲಿನ ನೆಲ ಒಂದು ಕಾಲಕ್ಕೆ ಅಂಥದ್ದೇ ಜಾಗ ಆಗಿತ್ತು ಅನ್ನುವುದು ಕಲ್ಲು ಮುಟ್ಟಿದರೇ ತಿಳಿಯುತ್ತದೆ.

ಕಲ್ಲು ಆರಿಸಲು ನಾನೇ ಖಣಿಗೆ ಹೋಗಿದ್ದೆ, ನಮ್ಮ ಮಾವನವರು ಪರಿಚಯದವರ ಹತ್ತಿರ ಕರೆದುಕೊಂಡು ಹೋದರು. ಸಾಧ್ಯ ಇದ್ದವರು ಒಂದು ಸಲ ಹೋಗಿ. ಮೇಲೆ ಕಪ್ಪು ಮಣ್ಣು, ಅದರ ಕೆಳಗೆ ಒಡೆದ ಚೂರು ಕಲ್ಲು, ಆಮೇಲೆ ಶುರು ಪದರ, ಪದರ, ಪದರ. ಅಂಗಡಿಯಲ್ಲಿ ಲೆಡ್ಜರ್ ಪುಸ್ತಕ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಮೇಲಿನ ಪದರು ಹೊಸದು, ಕೆಳಗಿನದು ಹಳೆಯದು, ಡೆನ್ಮಾರ್ಕಿನ ಸ್ಟೆನೋ ಅನ್ನುವ ವಿಜ್ಞಾನಿ 1669ರಲ್ಲೇ ಬರೆದಿಟ್ಟ ಮಾತು. ಈಗ ಖಣಿಯ ನೆಲದ ಮೇಲೆ ಮಿಷನ್ ಓಡಿಸಿ ಚೌಕ ಗೆರೆ ಕೊಯ್ಯುತ್ತಾರೆ, ಆದರೆ ಎಬ್ಬಿಸುವುದು ಮಾತ್ರ ಕೈಯಲ್ಲೇ. ಅಲ್ಲಿದ್ದ ವಯಸ್ಸಾದ ಒಬ್ಬರು ಉಳಿ ಹಿಡಿದು, ಕಲ್ಲಿನ ಪಕ್ಕಕ್ಕೆ ಟಕ್ ಟಕ್ ಅಂತ ನಾಲ್ಕೈದು ಕಡೆ ಮೆತ್ತಗೆ ಹೊಡೆದರು. ಹಾರೆ ತೂರಿಸಿ ಒಂದು ಸಲ ಮೀಟಿದರು. ಎರಡಡಿ ಚೌಕದ ಹಾಳೆ ಅನಾಮತ್ತಾಗಿ ಮೇಲೆದ್ದು ಬಂತು. ನಾನೂ ಸುತ್ತಿಗೆ ತಗೊಂಡು ಜೋರಾಗಿ ಒಂದು ಏಟು ಹಾಕಿದೆ, ಕಲ್ಲು ಮೂರು ಚೂರಾಯಿತು. ಅವರು ನಕ್ಕು, "ಜೋರ್ ಹಚ್ಚಬ್ಯಾಡ್ರಿ ಸರ, ಪದರ ಹಿಡದ್ ಹೊಡದ್ರ ತಾನೇ ಬಾಯಿ ಬಿಡ್ತದ" ಅಂದರು.

ಬಾಯಿ ಬಿಟ್ಟ ಜಾಗದಲ್ಲಿ ಕೈ ಆಡಿಸಿ ನೋಡಿದೆ. ಬೆರಳಿಗೆ ಸಣ್ಣ ಜೇಡಿಮಣ್ಣಿನ ಪುಡಿ ಅಂಟಿತು. ಗುಟ್ಟು ಇಷ್ಟೇ. ಸಮುದ್ರದಲ್ಲಿ ಸುಣ್ಣದ ಕೆಸರು ಕೂರುತ್ತಾ ಕೂರುತ್ತಾ ಇರುವಾಗ, ಮಧ್ಯೆ ಮಧ್ಯೆ ದಡದ ಕಡೆಯಿಂದ ಜೇಡಿ ಬಂದು ತೆಳ್ಳಗೆ ಒಂದು ಪೊರೆ ಹಾಸಿ ಹೋಗಿದೆ, ಆಮೇಲೆ ಮತ್ತೆ ಸುಣ್ಣ, ಮತ್ತೆ ಜೇಡಿ. ಮೇಲೆ ಭಾರ ಬಿದ್ದು ನೀರೆಲ್ಲಾ ಹಿಂಡಿಹೋಗಿದೆ, ಕಣಗಳ ಸಂದಿಯಲ್ಲಿ ಸುಣ್ಣವೇ ಮತ್ತೆ ಕಟ್ಟಿಕೊಂಡು ಸಿಮೆಂಟಿನ ಹಾಗೆ ಗಟ್ಟಿ ಹಿಡಿದಿದೆ. ಜೇಡಿ ಇದ್ದ ಕಡೆ ಮಾತ್ರ ಹಿಡಿತ ಸಡಿಲ. ಹಾಗಾಗಿ ಗ್ರಾನೈಟಿನ ಹಾಗೆ ಮಿಲ್ಲಿಗೆ ಹಾಕಿ ಹಲಗೆ ಸೀಳುವ ಖರ್ಚು ಇದಕ್ಕಿಲ್ಲ, ಸೀಳುವ ಕೆಲಸ ಸಮುದ್ರವೇ ಅರ್ಧ ಮಾಡಿಟ್ಟಿದೆ. ಇದು ಅಗ್ಗ ಯಾಕೆ ಅನ್ನುವುದಕ್ಕೂ ಅದೇ ಉತ್ತರ. ನನ್ನ ಬಿಲ್ಲಿನಲ್ಲಿ ಕಲ್ಲಿನ ದುಡ್ಡಿಗಿಂತ ಲಾರಿ ಬಾಡಿಗೆ, ಹಾಕುವ ಕೂಲಿ, ಪಾಲಿಶ್ ಇವೇ ಜಾಸ್ತಿ ಬಂದವು.

ಆದರೆ ಇದರ ಮೈನಸ್ ಪಾಯಿಂಟೂ ಇಲ್ಲೇ ಇದೆ. ಸಮುದ್ರ ನಿಮ್ಮ ಮೇಸ್ತ್ರಿಯ ಟೇಪು ನೋಡಿ ಕೆಸರು ಹಾಕಿಲ್ಲ. ಒಂದು ಕಲ್ಲು ಮುಕ್ಕಾಲು ಇಂಚು, ಇನ್ನೊಂದು ಒಂದೂಕಾಲು. ಒಂದೇ ಕಲ್ಲಿನ ಒಂದು ಮೂಲೆ ದಪ್ಪ, ಇನ್ನೊಂದು ತೆಳು. ಟೈಲ್ಸ್ ಹಾಕಿ ಅಭ್ಯಾಸ ಇರುವ ಮೇಸ್ತ್ರಿಯನ್ನು ಕರೆದರೆ ಕೆಟ್ಟಿರಿ, ಅವನು ಅಂಟು ಬಳಿದು ಅದರ ಮೇಲೆ ಕೂರಿಸಲು ನೋಡುತ್ತಾನೆ. ಇದಕ್ಕೆ ಗಾರೆ ದಪ್ಪ ಹಾಕಿ, ಪ್ರತಿ ಕಲ್ಲಿಗೂ ರಸಮಟ್ಟ ಇಟ್ಟು, ಮರದ ಕೊಡತಿಯಲ್ಲಿ ತಟ್ಟಿ ತಟ್ಟಿ ಕೂರಿಸುವವರು ಬೇಕು. ನಮಗೆ ಸಿಕ್ಕವರು ಕಲಬುರಗಿ ಕಡೆಯವರೇ, ದಿನಕ್ಕೆ ಹಾಕಿದ್ದು ಕಡಿಮೆ, ಆದರೆ ಮೂರು ವರ್ಷಕ್ಕೆ ಒಂದು ಕಲ್ಲೂ ಅಲುಗಾಡಿಲ್ಲ. ಕೂರಿಸುವ ಮೊದಲು ಕಲ್ಲನ್ನು ನಿಲ್ಲಿಸಿ ಬೆರಳ ಗೆಣ್ಣಿನಿಂದ ಹೊಡೆದು ನೋಡುತ್ತಿದ್ದರು. ಠಣ್ ಅಂದರೆ ಸರಿ. ಡಬ್ ಅಂದರೆ ಒಳಗೆ ಇನ್ನೊಂದು ಜೇಡಿ ಪದರ ಅಡಗಿದೆ ಅಂತ ಅರ್ಥ, ನಾಳೆ ಅಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ನೀವೂ ಹೀಗೆ ಹೊಡೆದು ನೋಡಿ, ಯಾರ ಮುಲಾಜೂ ನೋಡಬೇಡಿ.

ತಾರಸಿಯ ಕಲ್ಲಿಗೆ ಮಾತ್ರ ಮೋಸ ಹೋದೆ. ಖಣಿಯಿಂದ ತಂದದ್ದು ಸಾಲಲಿಲ್ಲ, ಮಿಕ್ಕಿದ್ದಕ್ಕೆ ನಮ್ಮೂರಿನ ಒಂದು ಡಿಪೋದಲ್ಲಿ ಕೊಂಡೆ. ಹೆಸರು ಬೇಡ. ಮೂರು ಬೇರೆ ಬೇರೆ ಕಡೆಯ ಕಲ್ಲು ಬೆರೆಸಿ ಒಂದೇ ಲೋಡು ಅಂತ ಕಳಿಸಿದ್ದರು. ಒಣಗಿದ್ದಾಗ ಧೂಳಿನಲ್ಲಿ ಎಲ್ಲಾ ಒಂದೇ ಬೂದು ಬಣ್ಣ. ಮೊದಲ ಮಳೆ ಬಿದ್ದ ಮೇಲೆ ನೋಡಬೇಕಿತ್ತು, ಒಂದು ನೀಲಿ ಬೂದು, ಒಂದು ಹಳದಿ, ಒಂದು ನೇರಳೆ ಮಿಶ್ರ ಕೆಂಪು, ಚೌಕಾಬಾರದ ಮನೆ ಹಾಗೆ. ಬಣ್ಣ ಬೇರೆ ಅಂದರೆ ಪದರು ಬೇರೆ. ಸಾಮಾನ್ಯವಾಗಿ ಕೆಂಪು, ನೇರಳೆ ಬಂದರೆ ಕೆಸರಿನಲ್ಲಿದ್ದ ಕಬ್ಬಿಣ ಆಮ್ಲಜನಕ ಸಿಕ್ಕಿ ತುಕ್ಕಾಗಿದೆ. ಆಮ್ಲಜನಕ ಸಾಲದೆ ಸ್ವಲ್ಪ ಇಂಗಾಲ ಹಾಗೇ ಉಳಿದರೆ ಬೂದು, ಇನ್ನೂ ಹೆಚ್ಚು ಉಳಿದರೆ ಕಪ್ಪು. ಸಮುದ್ರದ ಒಂದೊಂದು ಕಾಲದ ಹವಾಮಾನ ಒಂದೊಂದು ಬಣ್ಣದಲ್ಲಿ ಕೂತಿದೆ ಅಂತ ನಾನು ಈಗ ಸಮಾಧಾನ ಮಾಡಿಕೊಳ್ಳುತ್ತೇನೆ, ಆದರೆ ದುಡ್ಡು ಕೊಟ್ಟ ದಿನ ಅಷ್ಟು ಸಮಾಧಾನ ಇರಲಿಲ್ಲ. ಕೊಳ್ಳುವಾಗ ಒಂದು ಬಕೆಟ್ ನೀರು ತರಿಸಿ, ಪ್ರತಿ ಅಟ್ಟಿಯಿಂದ ನಾಲ್ಕು ಕಲ್ಲು ಎಳೆದು, ಅದರ ಮೇಲೆ ಸುರಿದು ನೋಡಿ. ಮಾರುವವರು ಮುಖ ಗಂಟು ಹಾಕಿದರೆ ಹಾಕಿಕೊಳ್ಳಲಿ.

ಪಾಲಿಶ್ ಆದ ಮೇಲೆ ಬಂದ ಒಂದು ಖುಷಿಯ ವಿಷಯವನ್ನೂ ಹೇಳಬೇಕು. ಹಾಲಿನಲ್ಲಿ ಟಿವಿ ಮುಂದಿನ ಮೂರು ಕಲ್ಲುಗಳಲ್ಲಿ ಕಪ್ಪನೆ ಸಣ್ಣ ಗೆರೆ ಅಂಕುಡೊಂಕಾಗಿ, ಹಲ್ಲುಹಲ್ಲಾಗಿ ಓಡುತ್ತದೆ. ಪಾಲಿಶಿನವನು ಬಿರುಕು ಅಂತ ಹೇಳಿ ಲಪ್ಪ, ಅಂದರೆ ಪುಟ್ಟಿ, ತುಂಬಲು ಹೊರಟಿದ್ದ. ಬಿರುಕಲ್ಲ ಅದು, ಉಗುರು ಹಾಕಿದರೆ ಸಿಗುವುದಿಲ್ಲ. ನನ್ನ ಹೆಂಡತಿ ನೋಡಿ, "ಕೌದಿ ಹೊಲಿಗಿ ಇದ್ದಂಗ ಅದ" ಅಂದಳು, ಸರಿಯಾಗಿ ಹಾಗೇ ಇದೆ. ಇದಕ್ಕೆ ಸ್ಟೈಲೋಲೈಟ್ ಅನ್ನುತ್ತಾರೆ. ಮೇಲಿನ ಪದರುಗಳ ಭಾರಕ್ಕೆ ಸುಣ್ಣ ಒತ್ತಿಕೊಂಡ ಕಡೆ ಕರಗಿಹೋಗುತ್ತದೆ, ಕರಗದೆ ಉಳಿದ ಜೇಡಿ, ಇಂಗಾಲ ಎಲ್ಲಾ ಆ ಗೆರೆಯಲ್ಲಿ ಸೇರಿಕೊಳ್ಳುತ್ತದೆ. ಅಂದರೆ ಗೆರೆ ಕಂಡ ಕಡೆ ಸ್ವಲ್ಪ ಕಲ್ಲು ಕಳೆದುಹೋಗಿದೆ ಅಂತ ತಿಳಿಯಬೇಕು. ಬೇರೆ ಬಿಳಿ ಗೆರೆಗಳೂ ಇವೆ, ನೇರವಾಗಿ ಓಡುವವು. ಅವು ನಿಜವಾಗಿಯೂ ಹಳೇ ಬಿರುಕು, ಆಮೇಲೆ ಬಂದ ನೀರು ಅದರಲ್ಲಿ ಬಿಳೀ ಕ್ಯಾಲ್ಸೈಟ್ ತುಂಬಿ ಮುಚ್ಚಿದೆ. ಅದಕ್ಕೂ ಲಪ್ಪ ಬೇಡ.

ಖಣಿಯಿಂದ ಬರುವಾಗ ಮಾವನವರು ಹಾದಿಯಲ್ಲಿ ಮಳಖೇಡದ ಕೋಟೆ ತೋರಿಸಿದರು, ರಾಷ್ಟ್ರಕೂಟರ ಮಾನ್ಯಖೇಟ. ಕಾಗಿಣಾ ನದಿ ಪಕ್ಕ, ಗೋಡೆಯಲ್ಲಿ ಇದೇ ಹಾಸುಗಲ್ಲು ಮಲಗಿಸಿ ಮಲಗಿಸಿ ಕಟ್ಟಿದ್ದು. "ನೋಡ್ರಿ, ಅರಸರಿಗೂ ಇದೇ ಫರಸಿನೇ ಆಗಿತ್ತು" ಅಂದರು, ನಮ್ಮ ಅಮ್ಮನ ರೈಲ್ವೆ ಸ್ಟೇಷನ್ ಮಾತು ಅವರ ಕಿವಿಗೂ ಬಿದ್ದಿತ್ತು ಅನ್ನಿಸುತ್ತದೆ. ಸನ್ನತಿಯ ಹತ್ತಿರದ ಕನಗನಹಳ್ಳಿ ಸ್ತೂಪಕ್ಕೆ ನಾನು ಬೇರೆ ಸಲ ಹೋಗಿದ್ದೆ. ಅಲ್ಲಿಯದೂ ಸುಣ್ಣದ ಕಲ್ಲೇ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಶಿಲ್ಪ, ಅಶೋಕನ ಚಿತ್ರ ಕೆತ್ತಿ ಬ್ರಾಹ್ಮಿಯಲ್ಲಿ "ರಾಯ ಅಸೋಕೋ" ಅಂತ ಹೆಸರು ಬರೆದದ್ದು ಅಲ್ಲೇ ಸಿಕ್ಕಿದ್ದು. ಅಷ್ಟು ಸಣ್ಣ ಒಡವೆ, ಬಟ್ಟೆ ಮಡಿಕೆ ಎಲ್ಲಾ ಕೆತ್ತಲು ಬಂದಿದ್ದು ಕಲ್ಲಿನ ಕಣ ನಯವಾಗಿದ್ದಕ್ಕೆ. ಅದೇ ಬಾದಾಮಿಯ ಮರಳುಗಲ್ಲು ತಗೊಳ್ಳಿ, ಕೈಗೆ ಸಕ್ಕರೆ ಕಾಳಿನ ಹಾಗೆ ಸಿಗುತ್ತದೆ. ಅದು ಹರಿಯುವ, ಅಲೆ ಹೊಡೆಯುವ ನೀರಿನ ಕಲ್ಲು. ಗುಹೆಗಳ ಗೋಡೆಯಲ್ಲಿ ಓರೆ ಓರೆ ಗೆರೆಗಳು ಕಾಣುತ್ತವಲ್ಲ, ಹರಿವು ಮರಳನ್ನು ಯಾವ ಕಡೆಗೆ ನೂಕುತ್ತಿತ್ತು ಅಂತ ಅದನ್ನು ನೋಡಿ ಹೇಳಬಹುದು. ಕೆಲವು ಬಂಡೆಗಳ ಮೇಲೆ ಹೊಳೆ ದಂಡೆಯ ಮರಳಿನಲ್ಲಿ ಇರುವಂಥ ಅಲೆ ಗುರುತು ಹಾಗೇ ಕಲ್ಲಾಗಿ ನಿಂತಿದೆ. ನೋಡಲು ಬಾದಾಮಿ, ಮಲಗಲು ಶಹಾಬಾದ್ ಅನ್ನುವುದು ನನ್ನ ಅಭಿಪ್ರಾಯ.

ಭೀಮಾ ಬೇಸಿನ್ನಿನಲ್ಲೂ ತಳಕ್ಕೆ ಹೋದರೆ ಮರಳುಗಲ್ಲೇ ಸಿಗುವುದು. ಎಲ್ಲಕ್ಕೂ ಕೆಳಗೆ ಸುಮಾರು 250 ಕೋಟಿ ವರ್ಷದ ಗ್ರಾನೈಟು. ಅದರ ಮೇಲೆ ಉರುಟು ಗುಂಡುಕಲ್ಲು, ಮರಳು. ಆಮೇಲೆ ಜೇಡಿ, ಅದರ ಮೇಲೆ ನಮ್ಮ ಸುಣ್ಣ. ಸಮುದ್ರ ಬಂದ ಕ್ರಮವೇ ಅದು, ಮೊದಲು ದಡ, ದಡದ ಆಚೆ ಕೆಸರು, ಇನ್ನೂ ಆಚೆ ದಡದ ರಾಡಿ ತಲುಪದ ತಿಳಿನೀರು. ಸಮುದ್ರ ಒಳಗೆ ಒಳಗೆ ಬಂದ ಹಾಗೆ, ಅಕ್ಕಪಕ್ಕ ಇದ್ದದ್ದು ಒಂದರ ಮೇಲೊಂದು ಕೂತಿದೆ. ಕಲಬುರಗಿ ಊರಿನ ಕಡೆ ಹೋದರೆ ಇದೆಲ್ಲದರ ಮೇಲೆ ಲಾವಾ ಹರಿದು ಕಪ್ಪು ಬಸಾಲ್ಟ್ ಆಗಿ ಕೂತಿದೆ, ಅದು ಸುಮಾರು 6.6 ಕೋಟಿ ವರ್ಷದ್ದು. ಸುಣ್ಣಕ್ಕೂ ಲಾವಾಕ್ಕೂ ನಡುವೆ 40 ಕೋಟಿಗೂ ಹೆಚ್ಚು ವರ್ಷದ ಲೆಕ್ಕ ಹಾಳೆ ಹರಿದ ಹಾಗೆ ಕಾಣೆ. ಅಷ್ಟು ಕಾಲದಲ್ಲಿ ಏನಾದರೂ ಕೂತಿದ್ದರೂ ಸವೆದು ಹೋಗಿದೆ.

ಇನ್ನು ಬಳಕೆಯ ಮಾತು. ಈ ಕಲ್ಲು ಗಟ್ಟಿ ಅಲ್ಲ, ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಖನಿಜಗಳ ಗಟ್ಟಿತನಕ್ಕೆ 1ರಿಂದ 10ರ ಅಳತೆ ಇದೆ, ಸುಣ್ಣದ ಕಲ್ಲಿನ ಕ್ಯಾಲ್ಸೈಟ್ ಅದರಲ್ಲಿ 3, ಮರಳಿನ ಕ್ವಾರ್ಟ್ಸ್ 7. ಹಾಗಾಗಿ ಚಪ್ಪಲಿಗೆ ಅಂಟಿ ಬಂದ ಮರಳು ಸಾಕು ಪಾಲಿಶ್ ಕೆಡಿಸಲು. ನಮ್ಮ ಹೊಸ್ತಿಲ ಹತ್ತಿರದ ಎರಡು ಕಲ್ಲು ಈಗಲೇ ಮಂಕಾಗಿವೆ. ಬಾಗಿಲಲ್ಲಿ ದಪ್ಪನೆ ಕಾಲೊರಸು ಹಾಕಿ, ಮಂಚ ಎಳೆದಾಡಬೇಡಿ. ಜನವರಿಯಲ್ಲಿ ಬೆಳಿಗ್ಗೆ ಕಾಲಿಟ್ಟರೆ ಚುರ್ ಅನ್ನುವಷ್ಟು ತಣ್ಣಗಿರುತ್ತದೆ, ವಯಸ್ಸಾದವರು ಮನೆಯಲ್ಲಿದ್ದರೆ ಯೋಚನೆ ಮಾಡಿ. ತಾರಸಿಯಲ್ಲಿ ಮಳೆಗಾಲಕ್ಕೆ ಪಾಚಿ ಕಟ್ಟುತ್ತದೆ, ಜಾರುತ್ತದೆ, ವರ್ಷಕ್ಕೊಮ್ಮೆ ತೆಂಗಿನ ಪೊರಕೆಯಲ್ಲಿ ಉಜ್ಜಲೇಬೇಕು. ಪಾಚಿ ಹೋಗಲಿ ಅಂತ ಆಸಿಡ್ ಹಾಕಿದಿರೋ, ಪಾಚಿ ಜೊತೆ ನೆಲವೂ ಹೋಗುತ್ತದೆ. ಬಾತ್‌ರೂಮಿಗೂ, ಹುಣಸೆಹಣ್ಣು ನಿಂಬೆಹಣ್ಣು ಓಡಾಡುವ ಅಡುಗೆ ಕಟ್ಟೆಗೂ ಪಾಲಿಶ್ ಶಹಾಬಾದ್ ಬೇಡವೇ ಬೇಡ. ಕಡಪ ಕಲ್ಲು ಹಾಕಿಸಿ ಅನ್ನುವವರಿದ್ದಾರೆ, ಅದೂ ಸುಣ್ಣದ ಕಲ್ಲೇ, ಕಪ್ಪು ಅಷ್ಟೇ, ಹುಳಿ ಅದನ್ನೂ ಬಿಡುವುದಿಲ್ಲ. ಕಟ್ಟೆಗೆ ಗ್ರಾನೈಟೇ ಸರಿ, ನಾನೂ ಅದನ್ನೇ ಹಾಕಿಸಿದ್ದು.

ನಿಂಬೆಹಣ್ಣಿನ ಜಾಗಕ್ಕೆ ಮತ್ತೆ ಪಾಲಿಶ್ ಹೊಡೆಸಿದೆ, ಪೂರ್ತಿ ಹೋಗಿಲ್ಲ, ಬೆಳಕು ಓರೆ ಬಿದ್ದರೆ ಕಾಣುತ್ತದೆ. ಈಗ ಅದರ ಮೇಲೆ ಟೀಪಾಯಿ ಇದೆ. ಕೊಂಡದ್ದರಲ್ಲಿ ಏಳು ಕಲ್ಲು ಮಿಕ್ಕಿ ಹಿತ್ತಲಲ್ಲಿ ಒರಗಿದ್ದವು, ಅದರಲ್ಲಿ ದಪ್ಪಗಿರುವ ಒಂದನ್ನು ಅಮ್ಮ ಇಟ್ಟಿಗೆ ಮೇಲೆ ಮಲಗಿಸಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಿದ್ದಾರೆ. ಸೋಪಿಗೆ ಅದು ಜಗ್ಗುವುದಿಲ್ಲ, ಸೋಪು ಹುಳಿಯಲ್ಲವಲ್ಲ. ಉಳಿದ ಆರನ್ನು ಯಾರಿಗೂ ಕೊಡಬೇಡ ಅಂತ ಈಗ ಅವರೇ ಹೇಳುತ್ತಿದ್ದಾರೆ.